ಕುತ್ತಿಗೆಯ ಪಟ್ಟು

ಕುತ್ತಿಗೆಯ ಪಟ್ಟು ಮಲ್ಲವಿದ್ಯೆಯ ಬಂಧಗಳಲ್ಲಿ ಒಂದು. ಎದುರಾಳಿಯ ಕೊರಳನ್ನು, ಅಥವಾ ಕೊರಳಿನೊಡನೆ ಆತನ ಒಂದು ತೋಳನ್ನೂ ಸೇರಿಸಿ, ತನ್ನ ತೋಳು, ಮುಂಗೈ, ಎದೆಗಳ ನಡುವೆ ಬಂಧಿಸಿ, ಆತನ ನಿಲುವಿನ ಸಮತೂಕವನ್ನು ಕೆಡಿಸಿ, ನೆಲಕ್ಕೆ ತರುವ ಇಲ್ಲವೆ ಚಲನೆಯನ್ನು ತಡೆಯುವ ಕ್ರಮವಿದು. ಕರ್ನಾಟಕದ ಗರಡಿಗಳ ಕುಸ್ತಿ, ಜಪಾನಿನ ಜೂಡೋ, ಫಿಲಿಪ್ಪೀನ್ಸ್ ದ್ವೀಪಗಳ ಅರ್ನಿಸ್ ಮತ್ತು ದುಮೊಗ್ ಮೊದಲಾಗಿ, ಮೈಗೆ ಮೈ ತಾಗಿಸಿ ನಡೆಸುವ ಕಾಳಗವಿದ್ಯೆಗಳು ಬೆಳೆದ ದೇಶಗಳಲ್ಲೆಲ್ಲ ಇದು ಒಂದಲ್ಲ ಒಂದು ರೂಪದಲ್ಲಿ ಕಂಡುಬರುತ್ತದೆ. ಕೈಕಾಲುಗಳ ಪಟ್ಟಿನಲ್ಲಿ ಸಂಭವಿಸುವ ಪ್ರಮಾದವು ಉಳುಕಿಗೋ ಮೂಳೆಮುರಿತಕ್ಕೋ ಮುಗಿಯುವುದಾದರೆ, ಕೊರಳಿನ ವಿಷಯದಲ್ಲಿ ಅದು ಪ್ರಾಣಾಪಾಯದವರೆಗೂ ಹೋಗಬಲ್ಲುದಾದ ಕಾರಣ, ಈ ಪಟ್ಟಿನ ಶಿಕ್ಷಣವು ವಿಶೇಷ ನಿಯಮಗಳಿಗೆ ಒಳಪಡಬೇಕಾದುದು ಅನಿವಾರ್ಯ. ಹಿಡಿಯುವ ಕೌಶಲಕ್ಕೆ ಮುಂಚೆ ಬಿಡುವ ಅಭ್ಯಾಸ, ಪರರ ಕೊರಳಿಗೆ ಕೈಹಾಕುವುದಕ್ಕೆ ಮುಂಚೆ ತನ್ನ ಕೊರಳಿನ ಬಲಸಂಪಾದನೆ, ಈ ಎರಡು ತತ್ತ್ವಗಳೇ ಅದರ ಅಡಿಗಲ್ಲು. ಹಗರಿ ಮತ್ತು ತುಂಗಭದ್ರಾ ನದಿಗಳ ನೀರುಂಡ ಮೋಕ, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯನ್ನು ಮುಂದಿಟ್ಟುಕೊಂಡು, ಈ ಪಟ್ಟಿನ ಶರೀರಾಧಾರ, ಇತಿಹಾಸ, ಕಲಿಕೆಯ ಕ್ರಮ ಮತ್ತು ಮೇರೆಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಶರೀರಾಧಾರ

ಸುಮಾರು 5 ಕಿಲೋಗ್ರಾಂ ತೂಗುವ ಶಿರಸ್ಸನ್ನು ಹೊತ್ತು ನಿಲ್ಲುವ ಕೊರಳಿನಲ್ಲಿ 7 ಕಶೇರುಕಗಳಿವೆ. ಇವುಗಳಲ್ಲಿ ಮೊದಲನೆಯದೂ ಎರಡನೆಯದೂ ಸೇರುವ ಸಂಧಿಯೇ ತಲೆಯನ್ನು ಎಡಬಲಗಳಿಗೆ ಹೊರಳಿಸುವ ಚಲನೆಯ ಸರಿಸುಮಾರು ಅರ್ಧಭಾಗಕ್ಕೆ ಆಶ್ರಯವಾಗಿರುವುದರಿಂದ, ಬೆನ್ನೆಲುಬಿನ ಅತ್ಯಂತ ಚಲನಶೀಲವಾದ ಭಾಗವೇ ಸುಲಭವಾಗಿ ಘಾಸಿಗೊಳ್ಳುವ ಭಾಗವೂ ಆಗಿದೆ. ಈ ಎಲುಬುಗಳ ನಡುವೆ ಮಿದುಳುಬಳ್ಳಿಯೂ, ಮುಂಭಾಗದಲ್ಲಿ ಶ್ವಾಸನಾಳವೂ, ಎರಡು ಪಕ್ಕಗಳಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಶೀರ್ಷಧಮನಿಗಳೂ ಅಲ್ಲಿಂದ ರಕ್ತವನ್ನು ಮರಳಿಸುವ ಸಿರೆಗಳೂ ಹಾದುಹೋಗುತ್ತವೆ.

ಈ ರಚನೆಯನ್ನು ಅನುಸರಿಸಿ ಕುತ್ತಿಗೆಯ ಪಟ್ಟಿನ ಪರಿಣಾಮಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ತಲೆ ಬಾಗಿದ ಕಡೆಗೆ ಬೆನ್ನೆಲುಬು ಬಾಗುವುದೂ, ಬೆನ್ನೆಲುಬು ಬಾಗಿದ ಕಡೆಗೆ ಕಾಲುಗಳು ಹೆಜ್ಜೆಯಿಡಲೇಬೇಕಾಗುವುದೂ ಶರೀರಧರ್ಮವಾದುದರಿಂದ, ಹೆಡತಲೆಯ ಮೇಲೆ ಕೈಯಿಟ್ಟು ಜಗ್ಗಿದ ಮಾತ್ರಕ್ಕೇ ತನಗಿಂತ ಭಾರಿಯಾದ ಜಟ್ಟಿಯನ್ನೂ ನಿಂತ ನೆಲದಿಂದ ಕದಲಿಸಬಹುದು. ಇದು ಮೊದಲನೆಯ ಬಗೆ, ಇದೇ ಕುಸ್ತಿಗೆ ಸಮ್ಮತವಾದ ಮಾರ್ಗ. ಎರಡನೆಯದು ಶ್ವಾಸನಾಳವನ್ನು ಅದುಮುವುದು. ಇದು ನೋವನ್ನೂ ಉಸಿರುಕಟ್ಟನ್ನೂ ಉಂಟುಮಾಡಿ ಗಂಟಲಿನ ಮೃದ್ವಸ್ಥಿಗಳನ್ನು ಮುರಿಯಬಲ್ಲುದು. ಮೂರನೆಯದು ಪಕ್ಕದ ಧಮನಿಗಳನ್ನು ಅದುಮುವುದು. ಎರಡು ಕಡೆಯ ರಕ್ತಪ್ರವಾಹವೂ ಏಕಕಾಲದಲ್ಲಿ ನಿಂತರೆ ಸುಮಾರು 10 ಸೆಕೆಂಡುಗಳಲ್ಲಿಯೇ ಮನುಷ್ಯನು ಪ್ರಜ್ಞೆ ತಪ್ಪುವುದುಂಟು. ಇವಲ್ಲದೆ ಕೊರಳನ್ನು ತಿರುಚಿ ಕಶೇರುಕಗಳಿಗೆ ಪೆಟ್ಟುಮಾಡುವ ಕ್ರಮವೂ ಇದೆಯಾದರೂ, ಅದು ಕ್ರೀಡೆಯ ಎಲ್ಲೆಯನ್ನು ದಾಟಿದ ಹಿಂಸೆಯೆಂದು ತಿಳಿಯತಕ್ಕದ್ದು.

ಪ್ರಾಚೀನ ಉಲ್ಲೇಖಗಳು

ವ್ಯಾಸಭಾರತದ ಆದಿಪರ್ವದಲ್ಲಿ ಭೀಮಸೇನನು ಬಕಾಸುರನನ್ನು ಕೊಲ್ಲುವ ಸಂದರ್ಭವು ಕುತ್ತಿಗೆಯ ಪಟ್ಟಿನ ಅತ್ಯಂತ ಪ್ರಸಿದ್ಧವಾದ ಕಾವ್ಯಚಿತ್ರ. ಕೆಡೆದ ರಾಕ್ಷಸನ ಬೆನ್ನನ್ನು ಮೊಣಕಾಲಿನಿಂದ ಒತ್ತಿ, ಬಲಗೈಯಿಂದ ಕೊರಳನ್ನೂ ಎಡಗೈಯಿಂದ ಸೊಂಟದ ಬಟ್ಟೆಯನ್ನೂ ಹಿಡಿದು, ಭೀಮನು ಅವನನ್ನು ಮಡಿಸಿ ಮುರಿಯುತ್ತಾನೆ. ಬಕ, ಜರಾಸಂಧ, ಕೀಚಕರೊಡನೆ ನಡೆದ ಈ ಬರಿಗೈ ಕಾಳಗಗಳು ಗಮಕಿಗಳ ವಾಚನದಿಂದಲೂ ಬಳ್ಳಾರಿ ಸೀಮೆಯ ಬಯಲಾಟಗಳಿಂದಲೂ ಅಕ್ಷರವರಿಯದ ಜನರ ಮನಸ್ಸಿನಲ್ಲಿಯೂ ನೆಲೆಗೊಂಡಿವೆ. ಆದರೆ ಕಾವ್ಯದ ಭೀಮನಿಗೆ ವಧೆಯೇ ಉದ್ದೇಶ. ಗರಡಿಯ ಜಟ್ಟಿಗೆ ಎದುರಾಳಿಯ ಭುಜಗಳನ್ನು ಮಣ್ಣಿಗೆ ತಾಗಿಸುವುದಷ್ಟೇ ಉದ್ದೇಶ. ಈ ಭೇದವನ್ನು ಅರಿತ ಮೇಲೆಯೇ ಮಲ್ಲವಿದ್ಯೆಯ ಇತಿಹಾಸವು ಅರ್ಥವಾಗುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಮಲ್ಲವಿನೋದಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿದೆ. ಜಟ್ಟಿಗಳನ್ನು ಅವರ ದೇಹಬಲ, ವಯಸ್ಸು, ವಿದ್ಯೆಗಳನ್ನು ನೋಡಿ ತರಗತಿಗಳಾಗಿ ವಿಂಗಡಿಸುವ ಕ್ರಮವೂ, ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬವನ್ನೇರಿ ಮಾಡುವ ಸ್ತಂಭಶ್ರಮ ಮೊದಲಾದ ಅಭ್ಯಾಸಗಳೂ ಅಲ್ಲಿ ಹೇಳಲ್ಪಟ್ಟಿವೆ. ಪಟ್ಟುಗಳಿಗೆ ಮುಂಚೆ ಶರೀರಸಂಸ್ಕಾರ, ಸಮಬಲರಿಗೆ ಸಮಬಲರೊಡನೆಯೇ ಸ್ಪರ್ಧೆ ಎಂಬ ನೀತಿ ಎಂಟು ಶತಮಾನಗಳಿಗೂ ಹಿಂದೆಯೇ ಕನ್ನಡನಾಡಿನ ರಾಜನೊಬ್ಬನಿಂದ ಶಾಸ್ತ್ರರೂಪವನ್ನು ತಾಳಿದುದು ಗಮನಾರ್ಹವಾದ ಸಂಗತಿ.

ವಿಜಯನಗರ ಮತ್ತು ಬಳ್ಳಾರಿ ಸೀಮೆ

ಬಳ್ಳಾರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮೋಕವು ಹಗರಿಯೆಂದು ಜನರು ಕರೆಯುವ ವೇದಾವತಿಯ ಸೀಮೆಗೆ ಸೇರಿದ ಊರು. ಜೋಳ, ಹತ್ತಿ, ಮೆಣಸಿನಕಾಯಿಗಳ ಎರೆಹೊಲಗಳೂ ಕಾಲುವೆಯ ನೀರು ಬಂದ ಮೇಲೆ ಹಬ್ಬಿದ ಭತ್ತದ ಗದ್ದೆಗಳೂ ಕೂಡಿದ ಈ ಪ್ರದೇಶವು, ಸಿರುಗುಪ್ಪ ಕುರುಗೋಡುಗಳೊಡನೆ, ಪೂರ್ವಕಾಲದಲ್ಲಿ ವಿಜಯನಗರದ ರಾಜಧಾನಿಗೆ ಅತಿ ಸಮೀಪದ ಒಳನಾಡಾಗಿದ್ದಿತು. ಆದುದರಿಂದ ಇಲ್ಲಿಯ ಮಲ್ಲಸಂಪ್ರದಾಯವನ್ನು ಕುರಿತ ಹಳೆಯ ಪ್ರತ್ಯಕ್ಷ ವರ್ಣನೆಗಳು ಹಂಪೆಗೆ ಬಂದ ವಿದೇಶೀಯರ ಬರಹಗಳಲ್ಲಿಯೇ ದೊರೆಯುತ್ತವೆ.

ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯೆಸನು, ಅರಸನು ಬೆಳಗಾಗುವ ಮುನ್ನವೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಎಣ್ಣೆಯನ್ನು ತೀಡಿಸಿಕೊಂಡು, ಭಾರವಾದ ಮಣ್ಣಿನ ಗುಂಡುಗಳನ್ನೆತ್ತಿ, ಕತ್ತಿಯ ಸಾಧನೆಯನ್ನು ನಡೆಸಿ, ಎಣ್ಣೆಯೆಲ್ಲ ಬೆವರಾಗಿ ಹೋದ ಬಳಿಕ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿದ್ದಾನೆ. ಮಹಾನವಮಿಯ ಉತ್ಸವದಲ್ಲಿ ನಡೆಯುತ್ತಿದ್ದ ಮಲ್ಲಯುದ್ಧದಲ್ಲಿ ಹಲ್ಲು ಮುರಿಯುವಂತಹ, ಮುಖ ವಿಕಾರವಾಗುವಂತಹ ಪೆಟ್ಟುಗಳು ಬೀಳುತ್ತಿದ್ದುದನ್ನೂ, ಸೋತವರನ್ನು ಮಾತಿಲ್ಲದ ಸ್ಥಿತಿಯಲ್ಲಿ ಗೆಳೆಯರು ಹೊತ್ತೊಯ್ಯುತ್ತಿದ್ದುದನ್ನೂ ಹೇಳಿ, ಇಬ್ಬರು ಜಟ್ಟಿಗಳನ್ನೂ ಸಮಾನಭೂಮಿಕೆಯಲ್ಲಿ ನಿಲ್ಲಿಸಲು ನಾಯಕರೂ ನ್ಯಾಯನಿರ್ಣಾಯಕರೂ ಅಲ್ಲಿದ್ದರೆಂಬುದನ್ನು ಆತನು ಮರೆಯದೆ ದಾಖಲಿಸಿದ್ದಾನೆ. ಅನಂತರ ಬಂದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜನು ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೋರುವ ಜಟ್ಟಿಗಳನ್ನು ವರ್ಣಿಸಿದ್ದಾನೆ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ಜಟ್ಟಿ ಮನೆತನದವರು ನಡೆಸಿಕೊಂಡು ಬಂದಿರುವ, ಮೊದಲ ರಕ್ತಬಿಂದುವಿಗೆ ನಿಲ್ಲುವ ವಜ್ರಮುಷ್ಟಿ ಕಾಳಗವು ಇದರ ನಿಕಟಬಂಧುವಾಗಿ ತೋರುತ್ತದೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಬೇಟೆ, ಕುಣಿತ, ಆನೆಕುದುರೆಗಳೊಡನೆ ಜಟ್ಟಿಗಳೂ ಕಾಣಿಸಿಕೊಂಡಿದ್ದಾರೆ. ತುಂಗಭದ್ರೆಯ ಆಚೆ ದಡದ ಅಂಜನಾದ್ರಿಯನ್ನು ಹನುಮಂತನ ಜನ್ಮಸ್ಥಳವೆಂದೂ, ಹಂಪೆಯ ಸುತ್ತಣ ಪ್ರದೇಶವನ್ನು ವಾಲಿಸುಗ್ರೀವರು ಹೋರಾಡಿದ ಕಿಷ್ಕಿಂಧೆಯೆಂದೂ ನಂಬುವ ಈ ನಾಡಿನಲ್ಲಿ, ಗರಡಿಯ ಅಧಿದೇವತೆಯಾದ ಆಂಜನೇಯನು ಪುರಾಣಪುರುಷನಾಗಿರುವಂತೆಯೇ ನೆರೆಯೂರಿನವನೂ ಆಗಿದ್ದಾನೆ.

ಗರಡಿಯ ಶಿಕ್ಷಣಕ್ರಮ

ಗರಡಿಯೆಂದರೆ ತಗ್ಗಾದ ಬಾಗಿಲು, ಅಗೆದು ಹದಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು, ಕಲ್ಲುಗುಂಡುಗಳು, ಒಂದು ಮೂಲೆಯಲ್ಲಿ ಹನುಮಂತನ ವಿಗ್ರಹ ಅಥವಾ ಪಟ. ಮಟ್ಟಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಮುಂತಾದವುಗಳನ್ನು ಬೆರೆಸಿ, ದಿನವೂ ಗುದ್ದಲಿಯಿಂದ ತಿರುವಿ ಮೆದುವಾಗಿಟ್ಟಿರುವುದು ಕೇವಲ ಆಚಾರಕ್ಕಾಗಿ ಬಂದುದಲ್ಲ. ತಲೆ ಕೆಳಗಾಗಿ ಬಿದ್ದವನ ಕೊರಳನ್ನು ಕಾಯುವ ಮೊದಲ ರಕ್ಷಕ ಈ ಮೆತ್ತನೆಯ ಮಣ್ಣೇ. ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಲು ಗುದ್ದಲಿಯನ್ನು ಕೊಡುವ ಪದ್ಧತಿಯ ಹಿಂದೆ, ತಾನೂ ತನ್ನ ಜೋಡಿಯವನೂ ಬೀಳಲಿರುವ ನೆಲದ ಹೊಣೆ ತನ್ನದೆಂಬ ಪಾಠವಡಗಿದೆ.

ಕೊರಳಿನ ಬಲಸಂಪಾದನೆಯು ಎರಡನೆಯ ಹಂತ. ದಂಡ ಬಸ್ಕಿಗಳಿಂದ ತೋಳುತೊಡೆಗಳು ಹುರಿಗೊಂಡ ಮೇಲೆ, ಗರಡಿಯ ಗುರುವಾದ ವಸ್ತಾದನು ಶಿಷ್ಯನಿಗೆ ನೆತ್ತಿಯನ್ನೂ ಪಾದಗಳನ್ನೂ ಮಣ್ಣಿಗೆ ಊರಿ ಬೆನ್ನನ್ನು ಕಮಾನಾಗಿ ಎತ್ತುವ ಅಭ್ಯಾಸವನ್ನೂ, ಜೊತೆಗಾರನು ಹೆಡತಲೆಯನ್ನು ಅದುಮುತ್ತಿರುವಾಗ ತಲೆಯನ್ನು ಮೇಲೆತ್ತುವ ಅಭ್ಯಾಸವನ್ನೂ ಹೇಳಿಕೊಡುತ್ತಾನೆ. ಕೊರಳಿಗೆ ಕಲ್ಲಿನ ಭಾರಿ ಬಳೆಯನ್ನು ಧರಿಸಿ ಬಸ್ಕಿ ಹೊಡೆಯುವುದು ಹಳೆಯ ಕಾಲದ ಪೈಲ್ವಾನರಲ್ಲಿ ರೂಢಿಯಲ್ಲಿದ್ದ ಸಾಧನೆ. ಇವುಗಳಿಂದ ಕೊರಳಿನ ಸುತ್ತಣ ಸ್ನಾಯುಗಳು ದಪ್ಪಗೊಂಡು, ಹಠಾತ್ತಾಗಿ ಬಂದ ಎಳೆತವನ್ನು ಕಶೇರುಕಗಳಿಗೆ ತಲುಪಗೊಡದೆ ತಾವೇ ಸಹಿಸಿಕೊಳ್ಳುವ ಶಕ್ತಿಯನ್ನು ಪಡೆಯುತ್ತವೆ. ಎಳೆಯ ಹುಡುಗರಿಗೆ ಈ ಸಾಧನೆಗಳಲ್ಲಿ ಅವಸರ ಸಲ್ಲದು. ಬೆಳೆಯುತ್ತಿರುವ ಎಲುಬಿಗೆ ಮಿತಿಮೀರಿದ ಭಾರವು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡುತ್ತದೆ.

ಮೂರನೆಯ ಹಂತದಲ್ಲಿ ಪಟ್ಟಿನ ಪ್ರವೇಶವಾಗುತ್ತದೆ. ಅಲ್ಲಿಯೂ ಶಿಷ್ಯನು ಮೊದಲು ಹಿಡಿಯುವವನಾಗದೆ ಹಿಡಿಸಿಕೊಳ್ಳುವವನಾಗಿ ನಿಲ್ಲುವುದು ಯುಕ್ತ. ಅನುಭವಿಯಾದ ಜೋಡಿಯವನು ಮೆಲ್ಲನೆ ಬಿಗಿಹಿಡಿದಾಗ ಒತ್ತಡವು ಎಲ್ಲಿ ತಾಗುತ್ತದೆ, ಉಸಿರು ಯಾವಾಗ ಸಿಕ್ಕಿಕೊಳ್ಳುತ್ತದೆ, ಯಾವ ಕ್ಷಣದಲ್ಲಿ ಅಂಗೈಯಿಂದ ತಟ್ಟಿ ಸಾಕೆಂದು ಸೂಚಿಸಬೇಕು ಎಂಬುದನ್ನು ಸ್ವಾನುಭವದಿಂದ ಅರಿತವನು, ತಾನು ಹಿಡಿಯುವ ಕಾಲ ಬಂದಾಗ ಎದುರಾಳಿಯ ಸಂಕಟವನ್ನು ತನ್ನದೆಂಬಂತೆ ಗುರುತಿಸಬಲ್ಲನು. ತಟ್ಟಿದ ಕೂಡಲೆ ಬಿಡತಕ್ಕದ್ದು, ತಟ್ಟಲಾರದೆ ಮೈ ಸಡಿಲಾದರೂ ಬಿಡತಕ್ಕದ್ದು, ವಸ್ತಾದನ ಕೂಗು ಕೇಳಿದೊಡನೆ ಕಾರಣವನ್ನು ವಿಚಾರಿಸದೆ ಬಿಡತಕ್ಕದ್ದು. ಈ ಮೂರು ವಿಧಿಗಳು ಶಿಷ್ಯನಿಗೆ ಯೋಚಿಸದೆಯೇ ಬರುವಷ್ಟು ರೂಢಿಯಾಗುವವರೆಗೆ ಪಟ್ಟಿನ ವೇಗವನ್ನಾಗಲಿ ಬಿಗಿಯನ್ನಾಗಲಿ ಹೆಚ್ಚಿಸಲಾಗದು.

ಪಟ್ಟಿನ ಪ್ರಭೇದಗಳು

ನಿಂತ ಕುಸ್ತಿಯಲ್ಲಿ ಪೈಲ್ವಾನರು ಕೈಗೆ ಕೈ ತಾಗಿಸಿ ಸಲಾಮಿಯಾದ ಬಳಿಕ, ಒಂದು ಕೈಯನ್ನು ಎದುರಾಳಿಯ ಹೆಡತಲೆಗೆ ಹಾಕಿ ಇನ್ನೊಂದರಿಂದ ಆತನ ಮಣಿಕಟ್ಟನ್ನೋ ತೋಳನ್ನೋ ಹಿಡಿಯುವುದು ಸರ್ವಸಾಮಾನ್ಯವಾದ ಆರಂಭ. ಇದು ಹಿಡಿತಕ್ಕಿಂತ ಹೆಚ್ಚಾಗಿ ಒಂದು ವಿಚಾರಣೆ. ಕತ್ತನ್ನು ಜಗ್ಗಿದಾಗ ಎದುರಾಳಿಯು ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ, ಪ್ರತಿಯಾಗಿ ಮೇಲಕ್ಕೆ ಒತ್ತುತ್ತಾನೋ ಹಿಂದಕ್ಕೆ ಸರಿಯುತ್ತಾನೋ ಎಂಬುದನ್ನು ಚತುರನಾದ ಜಟ್ಟಿಯು ಅಂಗೈಯಿಂದಲೇ ಓದಿಕೊಳ್ಳುತ್ತಾನೆ.

ಈ ಆರಂಭದಿಂದ ಹೊರಡುವ ಪಟ್ಟುಗಳಲ್ಲಿ ಪ್ರಧಾನವಾದುದು ತಲೆಯನ್ನೂ ಒಂದು ತೋಳನ್ನೂ ಜೊತೆಯಾಗಿ ಬಂಧಿಸುವುದು. ಎದುರಾಳಿಯ ತಲೆಯನ್ನು ಕೆಳಕ್ಕೆ ಜಗ್ಗಿ, ಆತನು ಪ್ರತಿಕ್ರಿಯೆಯಾಗಿ ಮೇಲಕ್ಕೇಳುವ ಕ್ಷಣವನ್ನು ಕಾದು, ಬಲದೋಳನ್ನು ಕೊರಳಿನ ಹಿಂಬದಿಯಿಂದ ಬಳಸಿ, ಆತನ ಬಲದೋಳನ್ನು ಎಡಗೈಯಿಂದ ತನ್ನ ಎದೆಗೆ ಅವುಚಿಕೊಂಡು, ಸೊಂಟವನ್ನು ಆತನ ಮುಂದೆ ತೂರಿಸಿ ಎಸೆದರೆ ಎದುರಾಳಿಯು ಬೆನ್ನಡಿಯಾಗಿ ಬೀಳುತ್ತಾನೆ. ಕೊರಳಿನೊಡನೆ ತೋಳೂ ಸಿಕ್ಕಿಕೊಂಡಿರುವುದರಿಂದ ಗಂಟಲಿನ ಮುಂಭಾಗಕ್ಕೆ ತುಸು ತೆರಪು ಉಳಿಯುತ್ತದೆ. ತೋಳನ್ನು ಬಿಟ್ಟು ಬರಿಯ ಕೊರಳನ್ನೇ ಎರಡು ಕೈಗಳಿಂದ ಬಿಗಿದಾಗ ಆ ತೆರಪು ಮುಚ್ಚಿಹೋಗಿ ಪಟ್ಟು ಉಸಿರುಗಟ್ಟಿಸುವ ಕೃತ್ಯವಾಗುತ್ತದೆ. ನೆಲದ ಕುಸ್ತಿಯಲ್ಲಿ ಕವುಚಿಬಿದ್ದವನ ಕಂಕುಳಿನ ಕೆಳಗಿನಿಂದ ಕೈಯನ್ನು ತೂರಿಸಿ ಅಂಗೈಯನ್ನು ಹೆಡತಲೆಯ ಮೇಲಿಟ್ಟು, ಆತನ ಭುಜವನ್ನೇ ಸನ್ನೆಗೋಲಿನಂತೆ ಬಳಸಿ ಮಗುಚುವ ಪಟ್ಟನ್ನು ಇಂದು ಹಾಫ್ ನೆಲ್ಸನ್ ಎಂದು ಕರೆಯುತ್ತಾರೆ. ಎರಡು ಕೈಗಳನ್ನೂ ಹಾಗೆ ತೂರಿಸಿ ಹೆಡತಲೆಯ ಮೇಲೆ ಬೆಸೆಯುವ ಫುಲ್ ನೆಲ್ಸನ್ ತಲೆಯನ್ನು ಎದೆಯ ಕಡೆಗೆ ಬಲಾತ್ಕಾರವಾಗಿ ಬಾಗಿಸುವುದರಿಂದ ಹೆಚ್ಚು ಅಪಾಯಕರ.

ಹಿಡಿತಕ್ಕೆ ಪ್ರತಿಯಾಗಿ ಬಿಡಿಸಿಕೊಳ್ಳುವ ಕ್ರಮವೂ ಅಷ್ಟೇ ವ್ಯವಸ್ಥಿತವಾದುದು. ಗದ್ದವನ್ನು ಎದೆಗೆ ಒತ್ತಿ, ಮುಖವನ್ನು ಹಿಡಿದವನ ಮೊಣಕೈಯ ಮಡಿಕೆಯ ಕಡೆಗೆ ತಿರುಗಿಸಿ, ಭುಜಗಳನ್ನು ಎತ್ತಿ, ಎರಡು ಕೈಗಳಿಂದಲೂ ಬಿಗಿದ ಮಣಿಕಟ್ಟನ್ನು ಕೆಳಕ್ಕೆ ಜಗ್ಗುವುದು ಮೊದಲ ಕಾರ್ಯ. ಇದರಿಂದ ಉಸಿರಿಗೆ ಅವಕಾಶ ದೊರೆಯುತ್ತದೆ. ಅನಂತರ ಹಿಡಿದವನ ಮೈಯಿಂದ ದೂರಕ್ಕೆ ಎಳೆದಾಡದೆ, ಆತನ ಸೊಂಟಕ್ಕೆ ತನ್ನ ಸೊಂಟವನ್ನು ಸಮೀಪಿಸಿ, ಆತನ ಬೆನ್ನ ಕಡೆಗೆ ಹೆಜ್ಜೆಹಾಕುವುದು ಎರಡನೆಯದು. ಹೊಸಬರು ಭಯದಿಂದ ತಲೆಯನ್ನು ನೇರವಾಗಿ ಹಿಂದಕ್ಕೆ ಕಿತ್ತುಕೊಳ್ಳಲು ಯತ್ನಿಸುತ್ತಾರೆ. ಹಾಗೆ ಮಾಡಿದಷ್ಟೂ ಕುಣಿಕೆ ಬಿಗಿಯುವುದಲ್ಲದೆ, ಕೊರಳಿಗೆ ಆಗುವ ಪೆಟ್ಟೂ ಹೆಚ್ಚುತ್ತದೆ.

ಫಿಲಿಪ್ಪೀನ್ಸಿನ ಸಂಪ್ರದಾಯ

ಅರ್ನಿಸ್, ಎಸ್ಕ್ರಿಮಾ, ಕಾಲಿ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಫಿಲಿಪ್ಪೀನ್ಸಿನ ಯುದ್ಧಕಲೆಯು ಬೆತ್ತ ಮತ್ತು ಅಲಗುಗಳನ್ನು ಆಧರಿಸಿದುದು. ಪಾಯೆಸನು ಹಂಪೆಯನ್ನು ಕಂಡ ಕಾಲದ ಆಸುಪಾಸಿನಲ್ಲಿಯೇ, 1521ರ ಏಪ್ರಿಲ್ 27ರಂದು, ಅಲ್ಲಿಯ ಮಕ್ತಾನ್ ದ್ವೀಪದ ತೀರದಲ್ಲಿ ಆ ದ್ವೀಪದ ನಾಯಕ ಲಾಪುಲಾಪುವಿನ ಯೋಧರು ನಾವಿಕ ಮೆಗೆಲನ್ನನನ್ನು ಹೋರಾಡಿ ಕೊಂದರು. ಸೆಬು ನಗರದಲ್ಲಿ 1932ರಲ್ಲಿ ಸ್ಥಾಪಿತವಾದ ದೋಸೆ ಪಾರೆಸ್ ಸಂಘವು ಈ ವಿದ್ಯೆಯ ಆಧುನಿಕ ಸಂಸ್ಥೆಗಳಲ್ಲಿ ಮುಖ್ಯವಾದುದು. 2009ರ ಡಿಸೆಂಬರಿನಲ್ಲಿ ಅಂಗೀಕೃತವಾದ 9850ನೆಯ ಗಣರಾಜ್ಯ ಶಾಸನವು ಅರ್ನಿಸನ್ನು ಆ ದೇಶದ ರಾಷ್ಟ್ರೀಯ ಸಮರಕಲೆಯೂ ಕ್ರೀಡೆಯೂ ಆಗಿ ಘೋಷಿಸಿತು.

ಅರ್ನಿಸಿನ ಕುತ್ತಿಗೆಯ ಪಟ್ಟಿನಲ್ಲಿ ಸುಮಾರು 70 ಸೆಂಟಿಮೀಟರ್ ಉದ್ದದ ಬೆತ್ತವು ತೋಳಿನ ಕೆಲಸವನ್ನು ಮಾಡುತ್ತದೆ. ಎದುರಾಳಿಯ ಹೊಡೆತವನ್ನು ತನ್ನ ಬೆತ್ತದಿಂದ ಪಕ್ಕಕ್ಕೆ ಜಾರಿಸಿ, ಬರಿಗೈಯಿಂದ ಆತನ ಆಯುಧದ ಕೈಯನ್ನು ತಡೆಹಿಡಿದು, ಆ ತೋಳಿನ ಹೊರಮಗ್ಗುಲಿಗೆ ಹೆಜ್ಜೆಯಿಟ್ಟು ಹಿಂಬದಿಯನ್ನು ಸೇರಿ, ಬೆತ್ತವನ್ನು ಹೆಗಲ ಮೇಲಿಂದ ಕೊರಳಿನ ಮುಂದಕ್ಕೆ ಹಾಯಿಸಿ, ಅದರ ತುದಿಯನ್ನು ಇನ್ನೊಂದು ಕೈಯಿಂದ ಹಿಡಿದು, ತಾನು ಹಿಂದಕ್ಕೆ ಸರಿಯುತ್ತ ಆತನ ಸಮತೂಕವನ್ನು ಕೆಡಿಸುವುದು ಇದರ ಕ್ರಮ. ಗಟ್ಟಿಯಾದ ಬೆತ್ತವು ತೋಳಿನ ಮಾಂಸದಂತೆ ಒತ್ತಡವನ್ನು ಹರಡುವುದಿಲ್ಲವಾದ ಕಾರಣ, ಅಭ್ಯಾಸದಲ್ಲಿ ಅದನ್ನು ಗಂಟಲಿನ ಮೇಲೆ ಎಳೆಯದೆ ಎದೆಯ ಮೇಲ್ಭಾಗದಲ್ಲಿಯೇ ನಿಲ್ಲಿಸುವುದು ಅತ್ಯಗತ್ಯ. ಆಯುಧವಿಲ್ಲದ ದುಮೊಗ್ ಕುಸ್ತಿಯಲ್ಲಿಯಾದರೋ ತಲೆ, ಕೊರಳು, ಭುಜಗಳನ್ನು ಜಗ್ಗಿ ತಳ್ಳಿ ಎದುರಾಳಿಯ ನಿಲುವನ್ನು ಕೆಡಿಸುವ ವಿಧಾನವು ನಮ್ಮ ಗರಡಿಯ ಹೆಡತಲೆಯ ಹಿಡಿತಕ್ಕೆ ಅತಿ ಸಮೀಪವಾಗಿದೆ. ದೊಣ್ಣೆವರಸೆ ಮತ್ತು ಕುಸ್ತಿಗಳು ಕನ್ನಡನಾಡಿನಲ್ಲಿ ಬಹುಮಟ್ಟಿಗೆ ಬೇರೆ ಬೇರೆ ವಿದ್ಯೆಗಳಾಗಿ ಬೆಳೆದುವು. ಫಿಲಿಪ್ಪೀನ್ಸಿನಲ್ಲಿ ಬೆತ್ತವೂ ಬರಿಗೈಯೂ ಒಂದೇ ಚಲನಸೂತ್ರದ ಎರಡು ರೂಪಗಳಾಗಿ ಕಲಿಸಲ್ಪಡುತ್ತವೆ.

ನಿಯಮಗಳು ಮತ್ತು ಮೇರೆಗಳು

ಅಂತರರಾಷ್ಟ್ರೀಯ ಕುಸ್ತಿಯ ನಿಯಮಗಳು ತಲೆಯನ್ನಾಗಲಿ ಕೊರಳನ್ನಾಗಲಿ ಎರಡು ಕೈಗಳಿಂದ ಬಂಧಿಸುವುದನ್ನೂ, ಉಸಿರುಗಟ್ಟಿಸುವ ಎಲ್ಲ ಸ್ಥಿತಿಗಳನ್ನೂ ನಿಷೇಧಿಸಿವೆ. ಕಿರಿಯರ ವಿಭಾಗಗಳಲ್ಲಿ ಫುಲ್ ನೆಲ್ಸನ್‌ಗೂ ಅನುಮತಿಯಿಲ್ಲ. ಕಾನೊ ಜಿಗೊರೊ 1882ರಲ್ಲಿ ಸ್ಥಾಪಿಸಿದ ಜೂಡೋ ಪದ್ಧತಿಯು ಧಮನಿಗಳನ್ನು ಅದುಮುವ ಪಟ್ಟುಗಳಿಗೆ ಸ್ಪರ್ಧೆಯಲ್ಲಿ ಅವಕಾಶವಿತ್ತರೂ, ಕೀಲಿನ ಪಟ್ಟುಗಳನ್ನು ಮೊಣಕೈಗೆ ಮಾತ್ರ ಸೀಮಿತಗೊಳಿಸಿ, ಕೊರಳನ್ನೂ ಬೆನ್ನೆಲುಬನ್ನೂ ತಿರುಚುವುದನ್ನು ವರ್ಜಿಸಿದೆ. ಭುಜಗಳೆರಡೂ ನೆಲಕ್ಕೆ ತಾಗಿ ಎದುರಾಳಿಯು ಚಿತ್ತಾಗುವುದೇ ಗೆಲುವೆಂದು ಎಣಿಸುವ ಮಣ್ಣಿನ ಕುಸ್ತಿಯಲ್ಲಿ ಉಸಿರುಗಟ್ಟಿಸುವುದರಿಂದ ಜಟ್ಟಿಗೆ ಕೀರ್ತಿ ಬಾರದು. ಸಂಪ್ರದಾಯಗಳು ಬೇರೆಬೇರೆಯಾದರೂ, ತಿರುಚುವಿಕೆಯನ್ನು ದೂರವಿಟ್ಟು ನಿಯಂತ್ರಣವನ್ನು ಉಳಿಸಿಕೊಂಡಿರುವುದು ಈ ಕ್ರೀಡಾನಿಯಮಗಳಿಗೆಲ್ಲ ಸಾಮಾನ್ಯವಾದ ದಿಕ್ಕು.

ಅಭ್ಯಾಸದಲ್ಲಿ ಪ್ರಜ್ಞೆ ತಪ್ಪಿದವನನ್ನು ಒಡನೆ ಬಿಟ್ಟು ಉಸಿರಾಟವನ್ನು ಪರೀಕ್ಷಿಸಬೇಕು. ಕೈಕಾಲುಗಳಲ್ಲಿ ಜೋಮು ಅಥವಾ ಬಲಹೀನತೆ, ಕತ್ತಿನ ತೀವ್ರವಾದ ನೋವು, ಧ್ವನಿ ಒಡೆಯುವುದು, ನುಂಗಲು ಕಷ್ಟವಾಗುವುದು ಕಂಡುಬಂದರೆ ತಲೆಯನ್ನು ಅಲುಗಿಸದೆ ವೈದ್ಯರ ನೆರವನ್ನು ಪಡೆಯಬೇಕು. ಇಂತಹ ಸಂದರ್ಭದಲ್ಲಿ ಕತ್ತನ್ನು ನೀವಿ ನೆಟಿಗೆ ತೆಗೆಯುವ ಪ್ರಯತ್ನವು ಸರ್ವಥಾ ವರ್ಜ್ಯ.

ಇಂದಿನ ಸ್ಥಿತಿ

ಹಳೆಯ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದುವು. ಆಲೂರು, ಆದೋನಿ, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಗಡಿ ಬದಲಾದರೂ ಜಾತ್ರೆಯ ಕಣಗಳಿಗೆ ಎರಡು ಕಡೆಗಳಿಂದಲೂ ಜನರು ಬರುವುದು ತಪ್ಪಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆ, ಉರುಸು, ಯುಗಾದಿಗಳ ಸಂದರ್ಭದಲ್ಲಿ ಕುಸ್ತಿಯ ಕಣವನ್ನು ಹೂಡುವ ಪದ್ಧತಿಯು ಇಂದಿಗೂ ಉಳಿದುಬಂದಿದೆ. ಇತ್ತ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಸಮೀಪದಲ್ಲಿ 2018ರಲ್ಲಿ ಪ್ರಾರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಸಂಸ್ಥೆಯಲ್ಲಿ ಕುಸ್ತಿ ಮತ್ತು ಜೂಡೋಗಳೆರಡಕ್ಕೂ ತರಬೇತಿಯಿದೆ. ಹೀಗೆ ಮಣ್ಣಿನ ಮಟ್ಟಿಯ ಪಾಠವೂ ಮ್ಯಾಟಿನ ಮೇಲಣ ಅಂತರರಾಷ್ಟ್ರೀಯ ನಿಯಮವೂ ಒಂದೇ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲಿ ನೆಲೆಗೊಂಡಿವೆ.

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಖಾಶಾಬಾ ಜಾಧವರು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕವನ್ನು ಗಳಿಸಿದಾಗ, ಮಣ್ಣಿನಲ್ಲಿ ಬೆಳೆದ ಮಲ್ಲನು ಮ್ಯಾಟಿನ ಮೇಲೂ ಗೆಲ್ಲಬಲ್ಲನೆಂಬುದು ಸಿದ್ಧವಾಯಿತು. 2004ರಿಂದ ಮಹಿಳೆಯರ ಕುಸ್ತಿಯೂ ಒಲಿಂಪಿಕ್ಸಿನಲ್ಲಿ ಸೇರಿದುದರಿಂದ, ಬಹುಕಾಲ ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಈ ವಿದ್ಯೆಯ ಬಾಗಿಲು ಅವರಿಗೂ ತೆರೆದಿದೆ. ಆದರೆ ಪಟ್ಟುಗಳ ಚಲಚ್ಚಿತ್ರಗಳು ಪ್ರತಿಯೊಬ್ಬರ ಅಂಗೈಯಲ್ಲಿಯೂ ದೊರೆಯುವ ಈ ಕಾಲದಲ್ಲಿ, ಗುರುವಿಲ್ಲದೆ ಪರಸ್ಪರ ಕೊರಳಿಗೆ ಕೈಹಾಕುವ ಹುಡುಗರ ಸಂಖ್ಯೆ ಹೆಚ್ಚುವ ಸಂಭವವುಂಟು. ಚಿತ್ರವು ತೋಳಿನ ಸ್ಥಾನವನ್ನು ತೋರಿಸಬಲ್ಲುದು. ಬಿಗಿಯ ಪ್ರಮಾಣವನ್ನು, ಬಿಡಬೇಕಾದ ಕ್ಷಣವನ್ನು ತೋರಿಸಲಾರದು. ಅದನ್ನು ಹತ್ತಿರದಲ್ಲಿ ನಿಂತು ನೋಡುವ ವಸ್ತಾದನ ಕಣ್ಣೇ ಕಲಿಸಬೇಕು. ಮೋಕ, ಕುರುಗೋಡು, ಸಿರುಗುಪ್ಪಗಳಂತಹ ಊರುಗಳಲ್ಲಿ ಗರಡಿಗೆ ಬೇಕಾದ ನೆಲ ಅತ್ಯಲ್ಪ, ಸಾಮಗ್ರಿ ಸರಳ. ಅನುಭವಿಯಾದ ಗುರುವೊಬ್ಬನನ್ನು ಊರು ಗೌರವದಿಂದ ಉಳಿಸಿಕೊಂಡರೆ, ಈ ಅಪಾಯಕರವಾದ ಪಟ್ಟು ಬಲವಂತರಿಗೆ ಸಂಯಮವನ್ನು ಕಲಿಸುವ ವಿದ್ಯೆಯಾಗಿ ಮುಂದಿನ ಪೀಳಿಗೆಗೂ ಸಲ್ಲುತ್ತದೆ.